ಬೇರೆಯವರ ಅಂತರ್ಯುದ್ಧಕ್ಕೆ ಸೈನ್ಯ ಕಳಿಸಬೇಕೆ? ಅಮೆರಿಕದ ಅಧ್ಯಕ್ಷೀಯ ಅಭ್ಯರ್ಥಿಗಳು ಹೇಳಿದ್ದು, ಆಮೇಲೆ ನಡೆದದ್ದು

2000ದ ಅಕ್ಟೋಬರ್ 11. ಉತ್ತರ ಕೆರೊಲಿನಾದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಕ್ಷೀಯ ಅಭ್ಯರ್ಥಿಗಳ ಎರಡನೇ ಡಿಬೇಟ್. ಒಂದೇ ಮೇಜಿನ ಮುಂದೆ ಜಾರ್ಜ್ ಡಬ್ಲ್ಯೂ. ಬುಷ್ ಮತ್ತು ಆಲ್ ಗೋರ್ ಕೂತಿದ್ದಾರೆ. ಪ್ರಶ್ನೆ ಕೇಳುತ್ತಿರುವವರು ಟಿವಿ ಪತ್ರಕರ್ತ ಜಿಮ್ ಲೆಹ್ರರ್. ಅವರು ಎಂಟು ಹೆಸರು ಓದಿದರು: ಲೆಬನಾನ್, ಗ್ರೆನಡಾ, ಪನಾಮಾ, ಪರ್ಷಿಯನ್ ಕೊಲ್ಲಿ, ಸೊಮಾಲಿಯಾ, ಬೋಸ್ನಿಯಾ, ಹೈಟಿ, ಕೊಸೊವೊ. ಹಿಂದಿನ 20 ವರ್ಷಗಳಲ್ಲಿ ಅಮೆರಿಕ ತನ್ನ ಪಡೆಗಳನ್ನು ಕಳಿಸಿದ ಜಾಗಗಳಿವು. ನೀವು ಅಧ್ಯಕ್ಷರಾಗಿದ್ದರೆ ಇವುಗಳಲ್ಲಿ ಯಾವುದನ್ನು ಬೇಡ ಅನ್ನುತ್ತಿದ್ದಿರಿ?

ಇಷ್ಟು ನೇರವಾದ ಪ್ರಶ್ನೆ ಡಿಬೇಟ್‌ಗಳಲ್ಲಿ ಬರುವುದು ಅಪರೂಪ. ಗ್ರೆನಡಾ, ಪನಾಮಾ, ಕೊಲ್ಲಿ ಯುದ್ಧಕ್ಕೆ ಇಬ್ಬರೂ ಸೈ ಅಂದರು. ಕೆಲವು ವಿಷಯಗಳಲ್ಲಿ ನಾನು ನಿಷ್ಪಕ್ಷಪಾತಿಯಾಗಿರುವುದು ಕಷ್ಟ ಎಂಬರ್ಥದಲ್ಲಿ ಬುಷ್ ತಮಾಷೆಯನ್ನೂ ಮಾಡಿದರು; ಪನಾಮಾ, ಕೊಲ್ಲಿ ಎರಡೂ ಅವರಪ್ಪ ಅಧ್ಯಕ್ಷರಾಗಿದ್ದ ಕಾಲದ ಯುದ್ಧಗಳು. ಕೊಸೊವೊ ವಿಷಯದಲ್ಲಿ 1999ರಲ್ಲಿ ಸೆರ್ಬಿಯಾ ಮೇಲೆ ಬಾಂಬ್ ಹಾಕಿದ್ದಕ್ಕೂ ಇಬ್ಬರ ಒಪ್ಪಿಗೆಯಿತ್ತು. ಬೇರೆಯಾದದ್ದು ಮುಖ್ಯವಾಗಿ ಎರಡು ಕಡೆ. ಲೆಬನಾನ್ ತಪ್ಪು, ಹೈಟಿ ಸರಿ ಎಂದರು ಗೋರ್. ಲೆಬನಾನ್ ಸರಿ, ಹೈಟಿ ತಪ್ಪು ಎಂದರು ಬುಷ್. ಲೆಬನಾನಿಗೆ ಸೈನ್ಯ ಕಳಿಸಿದವರು ರಿಪಬ್ಲಿಕನ್ ಪಕ್ಷದ ರೇಗನ್. ಹೈಟಿಗೆ ಕಳಿಸಿದವರು ಡೆಮಾಕ್ರಟಿಕ್ ಪಕ್ಷದ ಕ್ಲಿಂಟನ್, ಗೋರ್ ಆಗ ಅವರ ಉಪಾಧ್ಯಕ್ಷ. ಇದರಲ್ಲಿ ಸಿದ್ಧಾಂತ ಎಷ್ಟು, ಪಕ್ಷನಿಷ್ಠೆ ಎಷ್ಟು ಎಂದು ಓದುಗರೇ ಅಂದಾಜು ಮಾಡಿಕೊಳ್ಳಬಹುದು.

ಲೆಹ್ರರ್ ಆಮೇಲೆ ಪಟ್ಟಿಯಲ್ಲಿಲ್ಲದ ಒಂದು ಹೆಸರು ತೆಗೆದರು: ರುವಾಂಡಾ. 1994ರಲ್ಲಿ ಅಲ್ಲಿ ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನರ ಕೊಲೆಯಾಯಿತು. ಸಾಮಾನ್ಯವಾಗಿ ಹೇಳುವ ಲೆಕ್ಕ 8 ಲಕ್ಷ. ಹೊರಗಿನವರು ಯಾರೂ ತಡೆಯಲಿಲ್ಲ. ಅದು ತಪ್ಪೆ? ಸೈನ್ಯ ಕಳಿಸದೆ ಇದ್ದದ್ದೇ ಸರಿ ಎಂದರು ಬುಷ್. ಗೋರ್ ಕೊಂಚ ತಡವರಿಸಿದರು: ಬೇಗ ಎಚ್ಚೆತ್ತಿದ್ದರೆ ಹೆಚ್ಚು ಜೀವ ಉಳಿಸಬಹುದಿತ್ತು, ಆದರೂ ಹೊಡೆದಾಡುವವರ ನಡುವೆ ನಮ್ಮ ಪಡೆಗಳನ್ನು ನಿಲ್ಲಿಸಬೇಕಿತ್ತು ಅನ್ನಲಾರೆ. ಬಾಲ್ಕನ್ ಪ್ರದೇಶದಲ್ಲಿ ಭಾರ ಹಂಚಿಕೊಳ್ಳಲು ನೇಟೊ ಮಿತ್ರರಿದ್ದರು, ಆಫ್ರಿಕಾದಲ್ಲಿ ಅಂಥವರು ಇರಲಿಲ್ಲ ಎಂಬುದು ಅವರ ಕಾರಣ. ಅಂದರೆ ಅತಿ ದೊಡ್ಡ ನರಮೇಧದ ವಿಷಯದಲ್ಲೇ, ಇಡೀ ದೇಶವನ್ನು ಎರಡು ಪಾಲು ಮಾಡಿದ ಚುನಾವಣೆಯ ಇಬ್ಬರು ಎದುರಾಳಿಗಳು ಸರಿಸುಮಾರು ಒಂದೇ ಜಾಗದಲ್ಲಿ ನಿಂತಿದ್ದರು.

ನಮ್ಮಲ್ಲಿ ಅಮೆರಿಕದ ಚುನಾವಣೆಯ ಬಗ್ಗೆ ಮಾತಾಡುವಾಗ ‘ಇವನು ಯುದ್ಧಕೋರ, ಅವನು ಶಾಂತಿಪ್ರಿಯ’ ಎಂದು ವಿಂಗಡಿಸಿಬಿಡುವ ರೂಢಿಯಿದೆ. ಅಂತರ್ಯುದ್ಧದ ವಿಷಯದಲ್ಲಿ ಈ ವಿಂಗಡಣೆಯಿಂದ ಏನೂ ತಿಳಿಯುವುದಿಲ್ಲ. ‘ಹೋಗಬೇಕು’, ‘ಬೇಡ’ ಎಂಬ ಎರಡು ಮಾತಿನ ಒಳಗೆ ಬೇರೆ ಬೇರೆ ಪ್ರಶ್ನೆಗಳಿವೆ. ಅದರಿಂದ ನಮಗೇನು ಎಂಬುದು ಒಂದು. ಹೋಗುವುದಾದರೆ ಏನನ್ನು ಕಳಿಸುವುದು, ಹಣವೇ, ಬಂದೂಕೇ, ವಿಮಾನವೇ, ಕಾಲಾಳುಗಳೇ? ಯಾರ ಒಪ್ಪಿಗೆ ಬೇಕು? ಕಾಳಗ ಮುಗಿದ ಮೇಲೆ ಅಲ್ಲಿ ಉಳಿಯುವವರು ಯಾರು? ಅಭ್ಯರ್ಥಿಗಳು ಜಗಳವಾಡುವುದು ಹೆಚ್ಚಾಗಿ ಎರಡನೆಯದರ ಮೇಲೆ. ಕೈಕೊಡುವುದು ಮಾತ್ರ ಯಾವಾಗಲೂ ಕೊನೆಯದು.

ಎರಡು ದೇಶಗಳ ಯುದ್ಧಕ್ಕೆ ಒಂದು ಗಡಿಗೆರೆ ಇರುತ್ತದೆ. 1991ರಲ್ಲಿ ಕುವೈತಿನಿಂದ ಇರಾಕಿ ಸೈನ್ಯವನ್ನು ಹೊರಹಾಕುವುದು ಗುರಿಯಾಗಿತ್ತು. ನೆಲದ ಮೇಲಿನ ಕಾಳಗ 100 ಗಂಟೆಗಳಲ್ಲಿ ಮುಗಿಯಿತು. ಅಂತರ್ಯುದ್ಧದಲ್ಲಿ ಆ ಗೆರೆಯಿಲ್ಲ. ಅಣ್ಣತಮ್ಮಂದಿರ ಆಸ್ತಿ ಜಗಳಕ್ಕೆ ಪಂಚಾಯಿತಿ ಮಾಡಲು ಹೋದವನಿಗೆ ಗೊತ್ತಿರುತ್ತದೆ, ಒಬ್ಬನ ಪರವಾಗಿ ಒಂದು ಮಾತಾಡಿದರೆ ಇನ್ನೊಬ್ಬನಿಗೆ ತಾನೂ ವೈರಿ. ಇವನು ಮನೆಗೆ ಹೊರಟರೂ ಅವರಿಬ್ಬರು ಅದೇ ಅಂಗಳದಲ್ಲಿ ಬದುಕಬೇಕು. 1983ರ ಅಕ್ಟೋಬರ್ 23ರಂದು ಬೈರೂತಿನಲ್ಲಿ ಅಮೆರಿಕದವರಿಗೆ ಆದದ್ದು ಇದೇ. ಶಾಂತಿ ಕಾಯಲೆಂದು ಹೋದ ಪಡೆ ಕ್ರಮೇಣ ಲೆಬನಾನ್ ಸರ್ಕಾರದ ಪಕ್ಷದಂತೆ ಕಾಣಿಸತೊಡಗಿತ್ತು. ಸ್ಫೋಟಕ ತುಂಬಿದ ಟ್ರಕ್ ಬ್ಯಾರಕ್ಕಿಗೆ ನುಗ್ಗಿ 241 ಮಂದಿ ಸತ್ತರು. ಕೆಲವೇ ತಿಂಗಳಲ್ಲಿ ರೇಗನ್ ಪಡೆಗಳನ್ನು ವಾಪಸ್ ಕರೆಸಿಕೊಂಡರು.

ಆ ಆಘಾತದಿಂದ ಹುಟ್ಟಿದ್ದು 1984ರ ನವೆಂಬರಿನಲ್ಲಿ ರಕ್ಷಣಾ ಕಾರ್ಯದರ್ಶಿ ಕ್ಯಾಸ್ಪರ್ ವೈನ್‌ಬರ್ಗರ್ ಹೇಳಿದ ಆರು ಷರತ್ತುಗಳು. ದೇಶದ ಜೀವಾಳದ ಹಿತವೇ ಅಡಗಿರಬೇಕು, ಗುರಿ ಸ್ಪಷ್ಟವಿರಬೇಕು, ಗೆಲ್ಲುವಷ್ಟು ಬಲ ಕಳಿಸಬೇಕು, ಜನರ ಮತ್ತು ಸಂಸತ್ತಿನ ಬೆಂಬಲ ಬೇಕು, ಬೇರೆ ದಾರಿ ಮುಗಿದಿರಬೇಕು, ಹೀಗೆ. ಅಂದು ಅವರ ಕೈಕೆಳಗೆ ಸೇನಾ ಸಹಾಯಕರಾಗಿದ್ದ ಕಾಲಿನ್ ಪವೆಲ್ ಇದನ್ನೇ ಮುಂದೆ ಬೆಳೆಸಿದರು. 2000ದಲ್ಲಿ ಬುಷ್ ಆಡಿದ ಮಾತುಗಳ ಬೇರು ಇಲ್ಲಿದೆ: ಸೈನ್ಯ ಇರುವುದು ಯುದ್ಧ ಮಾಡಿ ಗೆಲ್ಲಲು, ಬೇರೆಯವರ ದೇಶ ಕಟ್ಟಿಕೊಡಲಿಕ್ಕೆ ಅಲ್ಲ. ಅವರ ಸಲಹೆಗಾರ್ತಿ ಕಾಂಡೊಲೀಸಾ ರೈಸ್ ಇನ್ನೂ ಚುರುಕಾಗಿ ಹೇಳಿದರು: ಮಕ್ಕಳನ್ನು ಶಿಶುವಿಹಾರಕ್ಕೆ ಬಿಟ್ಟುಬರಲು ಸೇನೆಯ 82ನೇ ಏರ್‌ಬೋರ್ನ್ (ಪ್ಯಾರಾಚೂಟ್) ದಳ ಬೇಕಾಗಿಲ್ಲ.

ಒಂದು ವರ್ಷದೊಳಗೆ ಅದೇ ಬುಷ್ ಅಫ್ಘಾನಿಸ್ತಾನದಲ್ಲಿದ್ದರು, 2003ರಲ್ಲಿ ಇರಾಕಿನಲ್ಲಿ. 2006ರಲ್ಲಿ ಶಿಯಾಗಳಿಗೆ ಪವಿತ್ರವಾದ ಸಮರ್ರಾದ ಮಸೀದಿ ಸ್ಫೋಟದ ನಂತರ ಇರಾಕ್ ಶಿಯಾ-ಸುನ್ನಿ ಅಂತರ್ಯುದ್ಧಕ್ಕೆ ಜಾರಿತು; ಶಾಲೆ, ಪೊಲೀಸ್ ಠಾಣೆ, ಚುನಾವಣೆ ಎಲ್ಲವನ್ನೂ ಅಮೆರಿಕದ ಸೈನಿಕರೇ ಕಾಯಬೇಕಾಯಿತು. ಇದನ್ನು ಬರೀ ವಚನಭ್ರಷ್ಟತೆ ಎಂದು ಬೈದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. 2000ದಲ್ಲಿ ಬುಷ್ ಉತ್ತರಿಸುತ್ತಿದ್ದದ್ದು ಸೊಮಾಲಿಯಾ ಮತ್ತು ಹೈಟಿಯ ಬಗ್ಗೆ. ಅಭ್ಯರ್ಥಿಗಳು ಹೇಳುವುದು ಹೆಚ್ಚಾಗಿ ಕಳೆದ ಯುದ್ಧದ ಬಗೆಗಿನ ಅಭಿಪ್ರಾಯ. ಬರಲಿರುವ ಯುದ್ಧ ಯಾವುದೆಂದು ಅವರಿಗೂ ತಿಳಿದಿರುವುದಿಲ್ಲ. 1964ರ ಅಕ್ಟೋಬರಿನಲ್ಲಿ ಆಗಿನ ಅಧ್ಯಕ್ಷ ಲಿಂಡನ್ ಜಾನ್ಸನ್, ಏಷ್ಯಾದ ಹುಡುಗರು ತಾವೇ ಮಾಡಬೇಕಾದ ಕೆಲಸಕ್ಕೆ ಅಮೆರಿಕದ ಹುಡುಗರನ್ನು ಕಳಿಸುವುದಿಲ್ಲ ಎಂದು ಪ್ರಚಾರ ಮಾಡಿದ್ದರು. 1965ರ ಮಾರ್ಚಿನಲ್ಲಿ ನೌಕಾದಳದ ಮರೀನ್ ಪಡೆಗಳು ವಿಯೆಟ್ನಾಮಿನ ಡ ನಾಂಗ್ ತೀರದಲ್ಲಿ ಇಳಿದವು. 1968ರ ಹೊತ್ತಿಗೆ ಅಲ್ಲಿ 5 ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರು.

ಈ ಮಾತು ಅಮೆರಿಕಕ್ಕೆ ಮಾತ್ರ ಸೀಮಿತವೂ ಅಲ್ಲ. 1987ರಲ್ಲಿ ಶ್ರೀಲಂಕಾಕ್ಕೆ ಹೋದ ನಮ್ಮ ಶಾಂತಿಪಾಲನಾ ಪಡೆ, ತಾನು ನಿಶ್ಶಸ್ತ್ರಗೊಳಿಸಬೇಕಿದ್ದ ಎಲ್‌ಟಿಟಿಇ ಜೊತೆಗೇ ಯುದ್ಧಕ್ಕಿಳಿದು 1,100ಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿತು. ಅಲ್ಲಿ 1988ರ ಅಧ್ಯಕ್ಷೀಯ ಚುನಾವಣೆಯಲ್ಲಿ ಪ್ರೇಮದಾಸ, ಸಿರಿಮಾವೊ ಬಂಡಾರನಾಯಕೆ ಇಬ್ಬರೂ ಭಾರತೀಯ ಸೈನ್ಯವನ್ನು ವಾಪಸ್ ಕಳಿಸುವ ಭರವಸೆ ಕೊಟ್ಟೇ ಮತ ಕೇಳಿದರು. ಸೈನ್ಯ ಬಂದಿಳಿದ ದೇಶದ ಅಭ್ಯರ್ಥಿಗಳಿಗೂ ಈ ವಿಷಯದಲ್ಲಿ ಅಭಿಪ್ರಾಯ ಇರುತ್ತದೆ ಎಂಬುದನ್ನು ವಾಷಿಂಗ್ಟನ್ನಿನ ಚರ್ಚೆಗಳು ಮರೆಯುವುದೇ ಹೆಚ್ಚು.

ಇನ್ನು ‘ಏನನ್ನು ಕಳಿಸುವುದು’ ಎಂಬ ಪ್ರಶ್ನೆ. ಇದು ಬಿಚ್ಚಿಕೊಂಡದ್ದು ಸಿರಿಯಾದ ಅಂತರ್ಯುದ್ಧದಲ್ಲಿ. 2012ರ ಅಕ್ಟೋಬರ್ 22ರ ಡಿಬೇಟಿನಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮಿಟ್ ರಾಮ್ನಿ, ಅಧ್ಯಕ್ಷ ಒಬಾಮಾ ನಾಯಕತ್ವ ತೋರಿಸುತ್ತಿಲ್ಲ ಎಂದು ಗುಡುಗಿದರು. ಹಾಗಾದರೆ ನೀವು ಏನು ಮಾಡುತ್ತಿದ್ದಿರಿ? ಬಂಡುಕೋರರಲ್ಲಿ ಭರವಸೆಗೆ ಯೋಗ್ಯರಾದವರನ್ನು ಗುರುತಿಸಿ ಶಸ್ತ್ರ ಸಿಗುವಂತೆ ಮಾಡುತ್ತಿದ್ದೆ. ನಮ್ಮ ಮಿಲಿಟರಿ ಮಾತ್ರ ಅಲ್ಲಿಗೆ ಹೋಗುವುದು ಬೇಡ. ಒಬಾಮಾ ನಿಲುವು ಇದಕ್ಕಿಂತ ಒಂದು ಗೇಣು ಹಿಂದಿತ್ತು, ಅಷ್ಟೆ.

2016ರಲ್ಲಿ ವ್ಯತ್ಯಾಸ ನಿಜವಾಗಿಯೇ ದೊಡ್ಡದಿತ್ತು. ಹಿಲರಿ ಕ್ಲಿಂಟನ್ ಸಿರಿಯಾದ ಮೇಲೆ ಹಾರಾಟ ನಿಷೇಧ ವಲಯ ಬೇಕೆಂದರು. ಕೇಳಲು ಇದು ಸೌಮ್ಯವಾಗಿದೆ, ಯಾರೂ ನೆಲಕ್ಕೆ ಕಾಲಿಡಬೇಕಿಲ್ಲ, ಆಕಾಶಕ್ಕೆ ಬೇಲಿ ಹಾಕಿದರಾಯಿತು ಎಂಬಂತೆ. ಮಾಡುವ ಬಗೆ ಹಾಗಿಲ್ಲ. ನಿಮ್ಮ ವಿಮಾನ ಸುರಕ್ಷಿತವಾಗಿ ಸುತ್ತಬೇಕಾದರೆ ಮೊದಲು ಎದುರಾಳಿಯ ರೇಡಾರ್, ವಿಮಾನ ನಿರೋಧಕ ಕ್ಷಿಪಣಿ, ಓಡುದಾರಿಗಳನ್ನು ಬಾಂಬ್ ಹಾಕಿ ಮುಗಿಸಬೇಕು. ಅವುಗಳಲ್ಲಿ ಎಷ್ಟೋ ಊರುಗಳ ನಡುವೆಯೇ ಇರುತ್ತವೆ. ಆಮೇಲೆ ನಿಷೇಧ ಮೀರಿ ಹಾರಿದ್ದನ್ನು ಹೊಡೆದುರುಳಿಸಲು ಸಿದ್ಧರಿರಬೇಕು. 2015ರ ಸೆಪ್ಟೆಂಬರ್ ಕೊನೆಯಿಂದ ಆ ಆಕಾಶದಲ್ಲಿ ಹಾರುತ್ತಿದ್ದದ್ದು ರಷ್ಯಾದ ವಿಮಾನಗಳು. ಮೂರನೇ ಡಿಬೇಟಿನಲ್ಲಿ ಕ್ರಿಸ್ ವ್ಯಾಲೇಸ್ ಕೇಳಿದ್ದು ಇದನ್ನೇ: ರಷ್ಯಾದ ವಿಮಾನ ನಿಷೇಧ ಮುರಿದರೆ ಹೊಡೆದು ಹಾಕುತ್ತೀರಾ? ರಷ್ಯಾ ಜೊತೆ ಮಾತಾಡಿ ಒಪ್ಪಂದದ ಮೂಲಕ ಸಾಧಿಸಬಹುದು ಎಂಬ ಧಾಟಿಯಲ್ಲಿ ಕ್ಲಿಂಟನ್ ಉತ್ತರ ಬಂತು. ನೇರ ಉತ್ತರ ಬರಲಿಲ್ಲ.

ಎದುರಿಗೆ ಡೊನಾಲ್ಡ್ ಟ್ರಂಪ್. ಕ್ಲಿಂಟನ್ ಮಾತು ಕೇಳಿದರೆ ಸಿರಿಯಾಕ್ಕಾಗಿ ಮೂರನೇ ಮಹಾಯುದ್ಧವೇ ಆದೀತು ಎಂದರು. ತಮಾಷೆಯೆಂದರೆ ಅವರದೇ ಉಪಾಧ್ಯಕ್ಷ ಅಭ್ಯರ್ಥಿ ಮೈಕ್ ಪೆನ್ಸ್, ಅಲೆಪ್ಪೊ ನಗರ ಉಳಿಸಲು ಸಿರಿಯಾದ ಅಧ್ಯಕ್ಷ ಅಸಾದ್ ಆಡಳಿತದ ಮಿಲಿಟರಿ ನೆಲೆಗಳ ಮೇಲೆ ದಾಳಿಗೂ ಸಿದ್ಧವಿರಬೇಕು ಎಂದು ತಮ್ಮ ಡಿಬೇಟಿನಲ್ಲಿ ಹೇಳಿದ್ದರು. ಐದೇ ದಿನಗಳ ನಂತರ ಇದನ್ನು ನೆನಪಿಸಿದಾಗ ಟ್ರಂಪ್, ಅವರೂ ನಾನೂ ಈ ಬಗ್ಗೆ ಮಾತಾಡಿಲ್ಲ, ನನಗೆ ಅದು ಒಪ್ಪಿಗೆಯಿಲ್ಲ ಎಂದುಬಿಟ್ಟರು. ಆ ಟ್ರಂಪ್ ಅಧಿಕಾರಕ್ಕೆ ಬಂದು ಮೂರು ತಿಂಗಳೂ ತುಂಬಿರಲಿಲ್ಲ. 2017ರ ಏಪ್ರಿಲ್ ಆರಂಭದಲ್ಲಿ ಖಾನ್ ಶೇಖುನ್ ಊರಿನ ಮೇಲೆ ವಿಷಾನಿಲ ದಾಳಿಯಾಯಿತು, ಸತ್ತ ಮಕ್ಕಳ ಚಿತ್ರಗಳು ಟಿವಿಯಲ್ಲಿ ಬಂದವು, ಅಮೆರಿಕದ ಹಡಗುಗಳಿಂದ 59 ಟೊಮಾಹಾಕ್ ಕ್ಷಿಪಣಿಗಳು ಶೈರಾತ್ ವಾಯುನೆಲೆಗೆ ಹಾರಿದವು. ಪೆನ್ಸ್ ಹೇಳಿದ್ದೇ ಆಯಿತು.

ಆ ದಾಳಿಗೆ ಸಂಸತ್ತಿನ ಒಪ್ಪಿಗೆ ಪಡೆದಿರಲಿಲ್ಲ. ಅಮೆರಿಕದ ಸಂವಿಧಾನದ ಪ್ರಕಾರ ಯುದ್ಧ ಘೋಷಿಸುವ ಅಧಿಕಾರ ಇರುವುದು ಕಾಂಗ್ರೆಸ್ಸಿಗೆ. (ಅಲ್ಲಿನ ಸಂಸತ್ತಿನ ಹೆಸರೇ ಅದು, ನಮ್ಮ ಪಕ್ಷದ ನೆನಪಾದರೆ ಅದು ಅವರ ತಪ್ಪಲ್ಲ.) ಆದರೆ ಅದು ಕೊನೆಯ ಸಲ ವಿಧಿವತ್ತಾಗಿ ಯುದ್ಧ ಘೋಷಿಸಿದ್ದು 1942ರಲ್ಲಿ. ವಿಯೆಟ್ನಾಂ ಅನುಭವದ ನಂತರ, 1973ರಲ್ಲಿ ಅಧ್ಯಕ್ಷ ನಿಕ್ಸನ್ ಅವರ ವಿಟೊವನ್ನೂ (ತಡೆಯಾಜ್ಞೆಯನ್ನೂ) ಮೀರಿ ಯುದ್ಧಾಧಿಕಾರ ನಿರ್ಣಯ ಅಂಗೀಕಾರವಾಯಿತು: ಅಧ್ಯಕ್ಷ ಪಡೆಗಳನ್ನು ಕಳಿಸಿದ 48 ಗಂಟೆಗಳಲ್ಲಿ ತಿಳಿಸಬೇಕು, ಒಪ್ಪಿಗೆ ಸಿಗದಿದ್ದರೆ 60 ದಿನಗಳಲ್ಲಿ ನಿಲ್ಲಿಸಬೇಕು, ಹಿಂತೆಗೆತಕ್ಕೆ ಇನ್ನು 30 ದಿನ. ಕಾಗದದ ಮೇಲೆ ಗಟ್ಟಿ ಕಾಯ್ದೆ. ಬಳಕೆಯಲ್ಲಿ ಹೇಗೆ ಸೋರುತ್ತದೆ ಎಂಬುದಕ್ಕೆ ಒಬಾಮಾ ಅವರಿಗಿಂತ ಒಳ್ಳೆಯ ಉದಾಹರಣೆ ಬೇಡ.

2007ರಲ್ಲಿ ಅಭ್ಯರ್ಥಿ ಒಬಾಮಾ, ಸಂವಿಧಾನ ಬೋಧಿಸಿದ ಮೇಷ್ಟ್ರು, ಬಾಸ್ಟನ್ ಗ್ಲೋಬ್ ಪತ್ರಿಕೆಯ ಪ್ರಶ್ನಾವಳಿಗೆ ಉತ್ತರ ಬರೆದುಕೊಟ್ಟಿದ್ದರು: ದೇಶಕ್ಕೆ ನಿಜವಾದ ಇಲ್ಲವೇ ಸನ್ನಿಹಿತ ಅಪಾಯ ತಡೆಯುವ ಸಂದರ್ಭ ಬಿಟ್ಟರೆ ಅಧ್ಯಕ್ಷ ತಾನೊಬ್ಬನೇ ದಾಳಿಗೆ ಆಜ್ಞೆ ಕೊಡುವಂತಿಲ್ಲ. 2011ರ ಮಾರ್ಚ್ 19ರಂದು ಅಧ್ಯಕ್ಷ ಒಬಾಮಾ ಲಿಬಿಯಾದ ಮೇಲೆ ದಾಳಿ ಆರಂಭಿಸಿದರು. ಲಿಬಿಯಾದ ಸರ್ವಾಧಿಕಾರಿ ಗದ್ದಾಫಿಯ ಪಡೆಗಳು ಬಂಡುಕೋರರ ಬೆಂಗಾಜಿ ನಗರದ ಹೊಸ್ತಿಲಲ್ಲಿದ್ದವು, ಅಮೆರಿಕಕ್ಕೆ ಅಪಾಯವೇನೂ ಇರಲಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಣಯ ಕೈಯಲ್ಲಿತ್ತು (ಹತ್ತು ದೇಶ ಪರ, ಭಾರತವೂ ಸೇರಿ ಐದು ದೇಶ ತಟಸ್ಥ), ಕಾಂಗ್ರೆಸ್ಸಿನ ಒಪ್ಪಿಗೆ ಇರಲಿಲ್ಲ. 60 ದಿನ ಕಳೆದಾಗ ಸರ್ಕಾರದ ವಕೀಲರು ಹೊಸ ವಾದ ಹೂಡಿದರು: ನೆಲದ ಮೇಲೆ ನಮ್ಮ ಸೈನಿಕರಿಲ್ಲ, ಎದುರಿನಿಂದ ಗುಂಡಿನ ವಿನಿಮಯವಿಲ್ಲ, ಆದ್ದರಿಂದ ಕಾಯ್ದೆ ಹೇಳುವ ಅರ್ಥದಲ್ಲಿ ಇದು ಕಾದಾಟವೇ ಅಲ್ಲ. ದೂರದಿಂದ ಹೊಡೆಯುವ ತಂತ್ರಜ್ಞಾನ ಬೆಳೆದಷ್ಟೂ ಈ ವಾದಕ್ಕೆ ಬಲ ಬರುತ್ತದೆ, ಕಾಯ್ದೆಯ ಬಲ ಕುಂದುತ್ತದೆ. ಅಭ್ಯರ್ಥಿಯೊಬ್ಬ ‘ಸೈನಿಕರನ್ನು ಕಳಿಸುವುದಿಲ್ಲ’ ಎಂದಾಗ ನಾನು ಚಪ್ಪಾಳೆ ತಟ್ಟದಿರುವುದು ಈ ಕಾರಣಕ್ಕೆ. ಕಳಿಸುವುದು ಏನನ್ನು ಎಂದು ಹೇಳಲಿ.

ಲಿಬಿಯಾದ ಉಳಿದ ಕಥೆ ಗೊತ್ತಿರುವುದೇ. 2011ರ ಅಕ್ಟೋಬರಿನಲ್ಲಿ ಗದ್ದಾಫಿ ಹತ್ಯೆ, ಸಶಸ್ತ್ರ ಗುಂಪುಗಳ ರಾಜ್ಯಭಾರ, ಮತ್ತೊಂದು ಅಂತರ್ಯುದ್ಧ. ತಮ್ಮ ಅವಧಿಯ ಅತಿ ದೊಡ್ಡ ತಪ್ಪು ಯಾವುದೆಂದು 2016ರಲ್ಲಿ ಕೇಳಿದಾಗ ಒಬಾಮಾ ಹೇಳಿದ್ದು: ಬಹುಶಃ, ಲಿಬಿಯಾದಲ್ಲಿ ದಾಳಿಯ ಮರುದಿನಕ್ಕೆ ಯೋಜನೆ ಮಾಡದೆ ಹೋದದ್ದು. ದಾಳಿ ಮಾಡಿದ್ದು ಸರಿ ಎಂದೂ ಜೊತೆಗೇ ಸೇರಿಸಿದರು. ಕಾಳಗ ಮುಗಿದ ಮೇಲೆ ಉಳಿಯುವವರು ಯಾರು ಎಂಬ ಕೊನೆಯ ಪ್ರಶ್ನೆ ಕೈಕೊಡುತ್ತದೆ ಎಂದದ್ದು ಇದಕ್ಕೇ. ಬುಷ್ ಅದನ್ನು ತಿರಸ್ಕರಿಸಿ ಗೆದ್ದು ಅದರಲ್ಲೇ ಮುಳುಗಿದರು. ಬುಷ್ ಮುಳುಗಿದ್ದನ್ನು ನೋಡಿದ ಒಬಾಮಾ ದೂರ ನಿಂತರು, ಅದೂ ಕೆಲಸಕ್ಕೆ ಬರಲಿಲ್ಲ.

ಈ ಎಲ್ಲ ಪ್ರಶ್ನೆಗಳ ಹಿಂದೆ ಇನ್ನೊಂದಿದೆ: ಯಾವ ಅಂತರ್ಯುದ್ಧದ ಬಗ್ಗೆ ಅಭ್ಯರ್ಥಿಗಳನ್ನು ಕೇಳಲಾಗುತ್ತದೆ? ಡಾರ್ಫರ್ ನೋಡಿ. ಸುಡಾನಿನ ಪಶ್ಚಿಮದ ಈ ಸೀಮೆಯಲ್ಲಿ 2003ರಿಂದ ಸರ್ಕಾರಿ ಬೆಂಬಲದ ಜಂಜಾವೀದ್ ಗುಂಪುಗಳು ಊರೂರು ಸುಟ್ಟವು. ವಿಶ್ವಸಂಸ್ಥೆಯ ಅಂದಾಜಿನಲ್ಲಿ 3 ಲಕ್ಷದಷ್ಟು ಜನ ಸತ್ತರು. ಅಮೆರಿಕದಲ್ಲಿ ಕಾಲೇಜು ವಿದ್ಯಾರ್ಥಿಗಳು, ಚರ್ಚುಗಳು, ಯಹೂದಿ ಸಂಘಟನೆಗಳು ಸೇರಿ ದೊಡ್ಡ ಚಳವಳಿ ಎಬ್ಬಿಸಿದ್ದವು. ಹಾಗಾಗಿ 2007ರ ಜುಲೈಯಲ್ಲಿ ಚಾರ್ಲ್ಸ್‌ಟನ್ನಿನ ಡೆಮಾಕ್ರಟಿಕ್ ಡಿಬೇಟಿಗೆ ಡಾರ್ಫರ್ ಸಮೀಪದ ನಿರಾಶ್ರಿತರ ಶಿಬಿರದಿಂದಲೇ ವಿಡಿಯೊ ಪ್ರಶ್ನೆ ಬಂತು. ಹಿಂದೆ ನಿಂತ ಮಕ್ಕಳನ್ನು ತೋರಿಸಿ, ನೀವೇ ಇವರ ತಂದೆತಾಯಿ ಎಂದುಕೊಂಡು ಉತ್ತರಿಸಿ ಎಂದು ಕೇಳಿದ್ದರು. ಅಮೆರಿಕದ 2,500 ಸೈನಿಕರು ಹೋದರೆ ಈ ನರಮೇಧ ನಿಲ್ಲುತ್ತದೆ ಎಂದರು ಸೆನೆಟರ್ ಜೋ ಬೈಡನ್. ನಮ್ಮ ಕಾಲಾಳು ಬೇಡ, ಹಾರಾಟ ನಿಷೇಧ ವಲಯ ಮಾಡೋಣ, ಶಾಂತಿಪಾಲಕರನ್ನು ಕಳಿಸೋಣ ಎಂದರು ಹಿಲರಿ ಕ್ಲಿಂಟನ್. ಒಂದೇ ಪಕ್ಷ, ಒಂದೇ ವೇದಿಕೆ. ಮುಂದಿನ ವರ್ಷ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ಜೊತೆಗಿನ ಡಿಬೇಟಿನಲ್ಲಿ ಒಬಾಮಾ ಕೂಡ ಡಾರ್ಫರ್‌ಗೆ ಹಾರಾಟ ನಿಷೇಧ ವಲಯದ ಮಾತಾಡಿದರು; ಯುದ್ಧವೀರನೆಂದೇ ಹೆಸರಾದ ಮೆಕೇನ್, 1983ರಲ್ಲಿ ಹೊಸ ಸಂಸದನಾಗಿದ್ದಾಗ ತಮ್ಮದೇ ಪಕ್ಷದ ರೇಗನ್ ವಿರುದ್ಧ ನಿಂತು ಲೆಬನಾನಿಗೆ ಸೈನ್ಯ ಬೇಡ ಎಂದಿದ್ದನ್ನು ನೆನಪಿಸಿ, ಗೆದ್ದು ಬರಲಾಗದ ಕಡೆ ಹೋಗಬಾರದು ಎಂದರು. ಒಬಾಮಾ ಗೆದ್ದರು. ವಲಯ ಬರಲೇ ಇಲ್ಲ.

2023ರ ಏಪ್ರಿಲ್ 15ರಂದು ಸುಡಾನ್ ಮತ್ತೆ ಹೊತ್ತಿಕೊಂಡಿತು. ಒಂದು ಕಡೆ ಸರ್ಕಾರಿ ಸೈನ್ಯ, ಇನ್ನೊಂದು ಕಡೆ ಅದೇ ಜಂಜಾವೀದ್ ಗುಂಪುಗಳಿಂದ ಬೆಳೆದ ಅರೆಸೇನಾ ಪಡೆ ಆರ್‌ಎಸ್‌ಎಫ್ (ರ್‍ಯಾಪಿಡ್ ಸಪೋರ್ಟ್ ಫೋರ್ಸಸ್). ಈ ಯುದ್ಧ ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಹಕ್ಕಿಪಿಕ್ಕಿಗಳಿಂದ. ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ 31 ಮಂದಿ ಡಾರ್ಫರ್‌ನ ಅಲ್ ಫಶೀರ್ ಊರಿನಲ್ಲಿ ಸಿಕ್ಕಿಬಿದ್ದಿದ್ದರು. ವಿಧಾನಸಭೆ ಚುನಾವಣೆಯ ಸಮಯ. ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಇದರಲ್ಲಿ ರಾಜಕೀಯ ಬೇಡ ಎಂದು ಸಿಡುಕಿದರು, ಎರಡು ದಿನ ಅದೇ ಜಗಳ. ಸುಡಾನಿನಲ್ಲಿದ್ದ ಭಾರತೀಯರನ್ನು ಹೊರತರುವ ಕಾರ್ಯಾಚರಣೆಗೆ ನಮ್ಮ ನದಿಯ ಹೆಸರೇ ಇತ್ತು, ‘ಆಪರೇಷನ್ ಕಾವೇರಿ’. 3,800ಕ್ಕೂ ಹೆಚ್ಚು ಜನ ಬಂದರು. ನಮ್ಮವರು ಬಂದ ಮೇಲೆ ಸುಡಾನ್ ನಮ್ಮ ಪತ್ರಿಕೆಗಳಿಂದಲೂ ಮಾಯವಾಯಿತು.

ಅಮೆರಿಕದಲ್ಲೂ ಹಾಗೇ ಆಯಿತು. 2024ರ ಎರಡು ಅಧ್ಯಕ್ಷೀಯ ಡಿಬೇಟ್‌ಗಳಲ್ಲಿ, ಜೂನಿನಲ್ಲಿ ಬೈಡನ್-ಟ್ರಂಪ್, ಸೆಪ್ಟೆಂಬರಿನಲ್ಲಿ ಹ್ಯಾರಿಸ್-ಟ್ರಂಪ್, ಸುಡಾನ್ ಚರ್ಚೆಯ ವಿಷಯವಾಗಲೇ ಇಲ್ಲ. ಆ ಹೊತ್ತಿಗೆ ಒಂದು ಕೋಟಿಯಷ್ಟು ಜನ ಮನೆ ಬಿಟ್ಟಿದ್ದರು, ಅಲ್ ಫಶೀರ್‌ಗೆ ಆರ್‌ಎಸ್‌ಎಫ್ ಮುತ್ತಿಗೆ ಹಾಕಿತ್ತು. ಇರಾಕ್, ಅಫ್ಘಾನಿಸ್ತಾನದಿಂದ ಸುಸ್ತಾದ ಮತದಾರರು, ಉಕ್ರೇನ್ ಮತ್ತು ಗಾಜಾದಿಂದ ತುಂಬಿಹೋದ ಟಿವಿ ಸಮಯ, ಎಲ್ಲವೂ ಕಾರಣಗಳೇ. ಇನ್ನೊಂದು ಕಾರಣ ಬಾಯಿಬಿಟ್ಟು ಹೇಳಲು ಮುಜುಗರದ್ದು. ಇಲ್ಲಿ ಕೇಳಬೇಕಿದ್ದ ಪ್ರಶ್ನೆ ಸೈನ್ಯ ಕಳಿಸುವುದರದ್ದಲ್ಲ. ಆರ್‌ಎಸ್‌ಎಫ್‌ಗೆ ಶಸ್ತ್ರ ಒದಗಿಸುತ್ತಿದೆ ಎಂಬ ಆರೋಪ ಇದ್ದದ್ದು ಸಂಯುಕ್ತ ಅರಬ್ ಎಮಿರೇಟ್ಸ್ ಮೇಲೆ. ಆ ದೇಶ ಅದನ್ನು ನಿರಾಕರಿಸುತ್ತದೆ. ಚುನಾವಣೆಗೆ ಆರು ವಾರ ಇರುವಾಗ, 2024ರ ಸೆಪ್ಟೆಂಬರ್ 23ರಂದು, ಅಮೆರಿಕ ಅದಕ್ಕೆ ‘ಪ್ರಮುಖ ರಕ್ಷಣಾ ಪಾಲುದಾರ’ ಸ್ಥಾನ ಕೊಟ್ಟಿತು. ಅಲ್ಲಿಯವರೆಗೆ ಆ ಸ್ಥಾನ ಇದ್ದದ್ದು ಭಾರತಕ್ಕೆ ಮಾತ್ರ. ಗೆಳೆಯನ ಕೈ ಹಿಡಿದು ನಿಲ್ಲಿಸುವುದೂ ಒಂದು ಬಗೆಯ ಹಸ್ತಕ್ಷೇಪವೇ, ಸೈನಿಕರಿಗಿಂತ ಅಗ್ಗದ್ದು, ರಾಜಕೀಯವಾಗಿ ಅದಕ್ಕಿಂತ ದುಬಾರಿ.

2025ರ ಜನವರಿ 7ರಂದು ಬೈಡನ್ ಸರ್ಕಾರ, ಆರ್‌ಎಸ್‌ಎಫ್ ಡಾರ್ಫರ್‌ನಲ್ಲಿ ನರಮೇಧ ಎಸಗಿದೆ ಎಂದು ಅಧಿಕೃತವಾಗಿ ಘೋಷಿಸಿತು. ಅದರ ನಾಯಕ ಹೆಮೆಡ್ತಿ ಮೇಲೆ, ಜೊತೆಗೆ ಎಮಿರೇಟ್ಸ್‌ನಲ್ಲಿದ್ದ ಆರ್‌ಎಸ್‌ಎಫ್ ಒಡೆತನದ ಏಳು ಕಂಪನಿಗಳ ಮೇಲೆ ನಿರ್ಬಂಧ ಹೇರಿತು. 2,500 ಸೈನಿಕರ ಮಾತಾಡಿದ್ದ ಬೈಡನ್ ಅವರ ಅಧಿಕಾರಾವಧಿಯಲ್ಲಿ ಆಗ ಉಳಿದಿದ್ದದ್ದು 13 ದಿನ. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ ಫಶೀರ್ ಆರ್‌ಎಸ್‌ಎಫ್ ವಶವಾಯಿತು.